ಸೀಸೆಯ ಮೈಗೆ ತೊಡಿಸಿದ್ದು

ಹರಿಹರ, ಫೆಬ್ರವರಿ ೩೦, ೨೩೪೭

…ಕರಗಿಸಿದರೆ ಎಲ್ಲವೂ ಹೊಸದಾಗುತ್ತದೆ ಎಂದೋ, ಹೊಸದಾಗಿಸಬಹುದು ಎಂದೋ ನಿಮ್ಮಲ್ಲಿ ಯಾರೋ ಹೇಳಿದ್ದರಂತೆ. ಮಾತು ಪೂರ್ತಿ ಉಳಿದಿಲ್ಲ. ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು, ಮುನ್ನೂರು ವರ್ಷ ಹಿಂದಿನ ಹಿರಿಯರೇ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡು, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಇಟ್ಟಿದ್ದೇವೆ. ನನ್ನ ಪದಗಳೂ ಹಾಗೆಯೇ ಕಂಡರೆ ಮನ್ನಿಸಿ.

ನಾನು ಮೂಸುಗಾರ. ಹೊಸ ಪ್ಲಾಸ್ಟಿಕ್ಕನ್ನು ಈಗ ಯಾರೂ ಮಾಡುವುದಿಲ್ಲ. ನಮ್ಮ ನೀರಿನ ಕೊಳವೆ, ಜರಡಿ, ಸೂರಿನ ಹಾಳೆ ಎಲ್ಲವೂ ನೀವು ಬಿಟ್ಟುಹೋದ ಕಸದ ಗುಡ್ಡದಿಂದ ಅಗೆದು, ತೊಳೆದು, ಕರಗಿಸಿದವು. ಅಗೆದ ಚೂರಿನ ಅಂಚಿಗೆ ಬೆಂಕಿ ಮುಟ್ಟಿಸಿ, ಹೊಗೆ ಮೂಸಿ, ಅದು ಯಾವ ಬಗೆಯದೆಂದು ಹೇಳುವುದು ನನ್ನ ಕೆಲಸ. ಮೇಣದ ವಾಸನೆ ಬಂದರೆ ಒಂದು ಬುಟ್ಟಿ, ಮೂಗು ಚುರುಗುಟ್ಟಿದರೆ ಇನ್ನೊಂದು. ಇಪ್ಪತ್ತಾರು ವರ್ಷವಾಯಿತು. ಮನೆಯಲ್ಲಿ ಸಾರು ಹೊತ್ತಿದರೆ ನನಗೆ ತಿಳಿಯುವುದು ಬೇರೆಯವರು ಹೇಳಿದಾಗ.

ನೀವು ಮುದ್ರೆ ಒತ್ತಿದ ವಸ್ತುವನ್ನು ಮಾತ್ರ ನಾವು ಮೂಸುವುದಿಲ್ಲ. ಮೂರು ಬಾಣಗಳ ನಡುವೆ ಬಗೆಯನ್ನು ತಿಳಿಸುವ ಅಂಕಿ ಹಿರಿಯರ ಮಾತು. ಅದನ್ನು ಸುಟ್ಟು ನೋಡುವುದು ಹಿರಿಯರನ್ನು ಅನುಮಾನಿಸಿದಂತೆ. ಕೆಲಸಕ್ಕೆ ಸೇರುವ ದಿನ ಆ ಮುದ್ರೆಯನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ನಾನೂ ಒತ್ತಿಕೊಂಡಿದ್ದೆ.

ಹೋದ ತಿಂಗಳು ಒಂದು ಗುಂಡಿಯಲ್ಲಿ ಸಾವಿರಾರು ಪ್ಲಾಸ್ಟಿಕ್ ಸೀಸೆಗಳು ಸಿಕ್ಕವು. ಎಲ್ಲದರ ತಳದಲ್ಲಿ ಒಂದು ಎಂಬ ಅಂಕಿ. ಮೈಗೆ ಅಂಟಿದ ತೆಳು ಹೊದಿಕೆಯೂ ಸೀಸೆಯಷ್ಟೇ ತಿಳಿಯಾಗಿತ್ತು. ಯಾಕೋ ಒಂದನ್ನು ಸುಟ್ಟು ನೋಡೋಣ ಎಂದೆ. ಕುಲುಮೆ ನೋಡಿಕೊಳ್ಳುವ ಹೊನ್ನೂರಮ್ಮ ನಕ್ಕಳು: "ಮುದ್ರಿ ಐತಲ್ಲೋ! ಅವ್ರು ಬರ್ದಿದ್ದಕ್ಕಿಂತ ನಿನ್ ಮೂಗು ದೊಡ್ಡದಾತೇನು? ಸುರಿ ಸುಮ್ನ, ಕುಲುಮಿ ಕಾದೈತಿ." ಅವಳು ನನಗಿಂತ ಹನ್ನೆರಡು ವರ್ಷ ಹಿರಿಯಳು, ಕೆಲಸ ಕಲಿಸಿದವಳು. ಸುರಿದೆ.

ಕುಲುಮೆಯ ಬಾಯಿಂದ ಬಿಳಿ ಹೊಗೆ ಬಂತು. ಬಾಗಿಲ ಬಳಿ ಇದ್ದ ನಾನು ಹೊರಗೆ ಓಡಿದೆ. ಅವಳು ಕುಲುಮೆ ಆರಿಸಲು ಒಳಗೇ ನಿಂತಳು. ಆ ಹೊಗೆಯಲ್ಲಿ ಆಮ್ಲವಿತ್ತು. ಅವಳ ಶ್ವಾಸಕೋಶ ಬೆಂದಿದೆ. ಈ ತಿಂಗಳು ದಾಟುವುದಿಲ್ಲ ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು. ತಿಂಗಳಿಗೆ ಇಂದೇ ಕೊನೆಯ ದಿನ.

ದನಿ ಹೋಗಿರುವುದರಿಂದ ಹಲಗೆಯ ಮೇಲೆ ಬರೆಯುತ್ತಾಳೆ. ನಿನ್ನೆ ಬರೆದದ್ದು: "ಹಿರೇರು ಹಂಗ ಮಾಡಂಗಿಲ್ಲ. ಬ್ಯಾರೆ ಬುಟ್ಟಿದು ನೀನೇ ಬೆರ್ಸಿರ್ತಿ. ಇರ್ಲಿ ಬಿಡು, ಆಕ್ಕತಿ." ನನ್ನನ್ನು ಕ್ಷಮಿಸಿದ್ದಾಳೆ. ನಿಮ್ಮನ್ನು ಕ್ಷಮಿಸುವ ಪ್ರಶ್ನೆಯೇ ಅವಳಿಗೆ ಹುಟ್ಟಿಲ್ಲ.

ಅವಳ ಕೋಣೆಯಿಂದ ಬಂದವನು ಗುಂಡಿಯಲ್ಲಿ ಉಳಿದಿದ್ದ ಸೀಸೆಯೊಂದರ ಹೊದಿಕೆಯನ್ನು ಸುಲಿದು ಬೆಂಕಿಗೆ ಹಿಡಿದೆ. ಮೂಗು ಚುರುಗುಟ್ಟಿತು. ಸೀಸೆ ಒಂದನೆಯ ಬಗೆಯದು, ಹೊದಿಕೆ ಮೂರನೆಯದು, ಕಾದರೆ ಆಮ್ಲದ ಹೊಗೆ ಬಿಡುವಂಥದ್ದು. ಜೊತೆಯಲ್ಲಿ ಎಂದೂ ಕರಗಿಸಬಾರದವು. ಸೀಸೆಯ ಬಗ್ಗೆ ಮುದ್ರೆ ನಿಜವನ್ನೇ ಹೇಳಿತ್ತು. ಹೊದಿಕೆಯ ಬಗ್ಗೆ ಅದು ಏನೂ ಹೇಳಿರಲಿಲ್ಲ.

ಇದನ್ನು ಅವಳಿಗೆ ತೋರಿಸಿದರೆ ನನ್ನ ತಲೆಯ ಮೇಲಿನ ತಪ್ಪು ಇಳಿಯುತ್ತದೆ. ಆದರೆ ನಲವತ್ತು ವರ್ಷ ಅವಳು ನಂಬಿದ್ದು ಇವತ್ತೇ ಹೋಗುತ್ತದೆ. ಸುಟ್ಟ ಹೊದಿಕೆ ನನ್ನ ಜೇಬಿನಲ್ಲಿದೆ, ಅವಳ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಂದರ ಮೈಗೆ ಮೂರನ್ನು ತೊಡಿಸಿದ ದಿನ ನಿಮ್ಮಲ್ಲಿ ಯಾರಿಗೂ ಇದು ತಿಳಿದಿರಲಿಲ್ಲವೇ, ಅಥವಾ ತಿಳಿದವರೊಬ್ಬರು ಸುಮ್ಮನಿದ್ದರೇ? ಒಳಗೆ ಹೋಗಿ ಅವಳಿಗೆ ನಾನು ಯಾವುದನ್ನು ಹೇಳಲಿ?