ಮೂರು ಸಲದ ಲೆಕ್ಕ

ಡಿಸೆಂಬರ್ 14, ಗುರುವಾರ

ಅಧ್ಯಕ್ಷನಾಗಲು ಹೊರಟಿರುವ ಈ ಗವರ್ನರ್ ಟ್ರೆಡ್‌ವೆಲ್ ಗೆಲ್ಲುತ್ತಾನೋ ಇಲ್ಲವೋ, ನನಗೆ ತಲೆಬುಡ ತಿಳಿಯುತ್ತಿಲ್ಲ. ನಮ್ಮ ಕೌಂಟಿಯಲ್ಲಿ ಅವನಿಗೆ ಶೇಕಡಾ ಎಷ್ಟು ವೋಟು ಬೀಳಬಹುದು ಎಂಬ ಅಂದಾಜನ್ನು ನಾಳೆ ಬೆಳಿಗ್ಗೆ ಪಕ್ಷದ ಕಚೇರಿಗೆ ಹೇಳಬೇಕು. ಉಳಿದ ಅಭ್ಯರ್ಥಿಗಳೆಲ್ಲ ಬೇಸಿಗೆಯಿಂದ ನಮ್ಮ ಅಯೋವಾ ರಾಜ್ಯ ಸುತ್ತುತ್ತಿದ್ದಾರೆ. ಈ ಮಹರಾಯ ಮೊನ್ನೆ ಕಣಕ್ಕಿಳಿದ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಕಾಕಸ್ ಮತದಾನಕ್ಕೆ ಹದಿನೆಂಟೇ ದಿನ.

ಇವತ್ತು ಚರ್ಚಿನ ಹಾಲ್‌ನಲ್ಲಿ ದಾಲ್ಚಿನ್ನಿ ರೋಲ್ ತಿನ್ನುತ್ತ ಕೂತಿದ್ದವರು ಅವನ ಮಾತಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತೆರಿಗೆ, ಬಂದೂಕು, ಗರ್ಭಪಾತ, ಎಲ್ಲದರಲ್ಲೂ ಅವನು ನಮ್ಮವನೇ. ಆದರೆ ಬೆಂಬಲದ ಚೀಟಿಗೆ ಒಬ್ಬರೂ ಸಹಿ ಹಾಕಲಿಲ್ಲ.

"ಅಲ್ಲ ಕಣೇ, ಅಂಗೈ ಕೆಂಪಾಗೋ ಹಾಗೆ ತಟ್ಟಿದ್ಯಲ್ಲ?" ಎಂದು ಪಕ್ಕದ ಮನೆಯ ಆರ್ಲಿಸಳನ್ನು ಕೇಳಿದೆ.

"ಒಂದೇ ಸಲ ನೋಡಿರೋದು. ಮೂರು ಸಲ ಕೈ ಕುಲುಕದೆ ಯಾರಿಗೂ ವೋಟು ಹಾಕ್ಬೇಡ ಅಂತ ಕಲಿಸಿದ್ದು ಯಾರು, ನೀನೇ ತಾನೆ?"

ನಾನೇ. ಮೂವತ್ತು ವರ್ಷದಿಂದ ಊರಿಗೆಲ್ಲ ಅದನ್ನೇ ಹೇಳಿಕೊಟ್ಟಿದ್ದೇನೆ. ಆ ಲೆಕ್ಕದಲ್ಲಿ ಅವನಿಗೆ ಸೊನ್ನೆ. ಹಾಗಾದರೆ ಆ ಚಪ್ಪಾಳೆಗೆ ಏನರ್ಥ?

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ನನ್ನ ಗಂಡ ವರ್ಲಿನ್ ಪೇಪರಿನಿಂದ ತಲೆ ಎತ್ತಲಿಲ್ಲ. "ಮದುವೆಗೆ ಮುಂಚೆ ನನ್ನ ಎಷ್ಟು ಸಲ ನೋಡಿದ್ದೆ?" ಎಂದ.

ಎರಡೇ ಸಲ. ನಲವತ್ತೊಂದು ವರ್ಷದಿಂದ ಸಂಸಾರ ನಡೆದಿದೆ. ಆದರೆ ಇದನ್ನು ನಾಳೆ ಕಚೇರಿಯವರಿಗೆ ಶೇಕಡಾ ಎಷ್ಟು ಅಂತ ಹೇಳಲಿ?