ಪಾಸಾದವರ ದುಡ್ಡು ಮುಟ್ಟುವುದಿಲ್ಲ

ಬ್ರಷಿ ಗ್ಯಾಪ್, ಕೆಂಟಕಿ
ಜೂನ್ 24, 2024

ಪ್ರೀತಿಯ ಅಜ್ಜಿ,

ಎರಡು ವಾರದಿಂದ ಕಾಗದವಿಲ್ಲ, ಭಾನುವಾರ ಚರ್ಚಿಗೂ ಬರಲಿಲ್ಲ ಎಂದು ನೀನು ಮುನಿಸಿಕೊಂಡಿರುತ್ತೀ. ಮುನಿಸಿಕೋ, ನ್ಯಾಯವೇ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿಗೆ ಬೀಳಬೇಕಾದರೆ ಕಿರುಚಬೇಕು, ಈ ಸುದ್ದಿಯನ್ನು ಕಿರುಚಿ ಹೇಳುವ ಧೈರ್ಯ ನನಗಿಲ್ಲ. ಟೊಮೆಟೊ ಗಿಡಗಳಿಗೆ ಕೋಲು ನೆಟ್ಟೆಯಾ? ನಾನು ಹೊಟ್ಟೆಗೇನೂ ಕಡಿಮೆ ಮಾಡಿಕೊಂಡಿಲ್ಲ. ನೀನು ಜಾಡಿಗೆ ತುಂಬಿ ಕೊಟ್ಟ ಬೀನ್ಸ್ ಇನ್ನೂ ಇದೆ.

ಸುತ್ತಿ ಬಳಸಿ ಹೇಳುವುದೇಕೆ. ನಾನು ಪರೀಕ್ಷೆಯಲ್ಲಿ ಫೇಲಾದೆ ಅಜ್ಜಿ.

"ಯಾವ ಪರೀಕ್ಷೆನೇ? ನಾನೇ ನನ್ನ ಕೈಯಾರೆ ನಿಂಗೆ ಪಿನ್ನು ಚುಚ್ಲಿಲ್ವಾ?" ಎಂದು ನೀನು ಗದರುವುದು ಇಲ್ಲಿಗೇ ಕೇಳುತ್ತಿದೆ. ಮೇ ತಿಂಗಳಲ್ಲಿ ಕಾಲೇಜಿನ ವೇದಿಕೆಯ ಮೇಲೆ ನೀನು ನನ್ನ ಎದೆಗೆ ಚುಚ್ಚಿದ ಪದಕದಂಥ ಆ ಪಿನ್ನು ನರ್ಸಿಂಗ್ ಓದು ಮುಗಿಸಿದ್ದಕ್ಕೆ ಗುರುತು ಮಾತ್ರ. ಆಮೇಲೆ ಸರ್ಕಾರದ ಪರವಾನಗಿ ಪರೀಕ್ಷೆ ಇರುತ್ತದೆ, ಅದು ಪಾಸಾದರೇ ನರ್ಸ್. ನಮ್ಮ ಕಣಿವೆಯಲ್ಲಿ ಈ ವ್ಯತ್ಯಾಸ ಯಾರಿಗೆ ಗೊತ್ತು? ಎದೆಗೆ ಪಿನ್ನು ಬಂತು, ಹುಡುಗಿ ನರ್ಸಾದಳು ಎಂದುಕೊಂಡರು. ನಾನಾದರೂ ಬಾಯಿಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಪಾದ್ರಿ ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದಾಗ ನಿನ್ನ ಮುಖ ನೋಡಿದೆ, ನಕ್ಕು ತಲೆಬಾಗಿ ಕೂತುಬಿಟ್ಟೆ. ಚರ್ಚಿನ ಊಟದಲ್ಲಿ ಓಡೆಲ್ ಮುದುಕ ಬೂಟು ಕಳಚಿ, "ನೋಡಮ್ಮ ನರ್ಸಮ್ಮ, ಈ ಬೆರಳು ಇಟ್ಕೊಳ್ಳೋದಾ, ಬಿಸಾಕೋದಾ?" ಎಂದು ಕೇಳಿದ. "ಸದ್ಯಕ್ಕೆ ಇಟ್ಕೊಳ್ಳಿ" ಎಂದೆ ಗತ್ತಿನಿಂದ. ಎಲ್ಲರೂ ನಕ್ಕರು. ನನಗೂ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆಯ ಫಲಿತಾಂಶ ಬರಲು ಎರಡು ದಿನ ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ನಮ್ಮ ಹುಡುಗಿಯರೆಲ್ಲ ಒಂದು ಉಪಾಯ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಅದೇ ಪರೀಕ್ಷೆಗೆ ದುಡ್ಡು ಕಟ್ಟಲು ಹೋಗುವುದು. ಪಾಸಾಗಿದ್ದರೆ ಅದು ದುಡ್ಡು ಮುಟ್ಟುವುದಿಲ್ಲ, ಬೇಡ ಎಂದು ವಾಪಸು ಕಳಿಸುತ್ತದೆ. ತೆಗೆದುಕೊಂಡಿತೋ, ಫೇಲು. ನನ್ನ ಜೊತೆ ಕೋಣೆ ಹಂಚಿಕೊಂಡಿರುವ ಡೆಲ್ಲಾ ಮೊದಲು ಮಾಡಿದಳು. ಬೇಡ ಎಂದಿತು. ಅವಳು ಮಂಚದ ಮೇಲೆ ಹತ್ತಿ ಕುಣಿದಳು. ನನ್ನ ಕಾರ್ಡು ನಿನಗೆ ಗೊತ್ತಲ್ಲ, ಪೆಟ್ರೋಲ್ ಬಂಕಿನಲ್ಲಿ ಮೂರು ಸಲ ಉಜ್ಜಿದರೂ ಒಪ್ಪದ ಮೊಂಡು ಕಾರ್ಡು. ಅಂದು ಮಾತ್ರ ಒಂದೇ ಏಟಿಗೆ ಒಪ್ಪಿತು. ಇನ್ನೂರು ಡಾಲರು ಸರ್ರನೆ ಹೋಯಿತು, ಪರದೆಯ ಮೇಲೆ 'ಧನ್ಯವಾದಗಳು' ಎಂದು ಬಂತು. ಡೆಲ್ಲಾ ಮಂಚದಿಂದ ಇಳಿದಳು. "ಕಂಪ್ಯೂಟರ್ ಒಂದೊಂದ್ಸಲ ತಪ್ಪು ಮಾಡುತ್ತೆ ಕಣೇ" ಎಂದಳು. ಎರಡು ದಿನದ ಮೇಲೆ ಫಲಿತಾಂಶ ನೋಡಿದರೆ ಅದು ತಪ್ಪು ಮಾಡಿರಲಿಲ್ಲ.

ಹೋಬರ್ಟ್ ಮಾವನಿಗೆ ಇದು ಗೊತ್ತಾದರೆ ಹಬ್ಬ. ಕಾಲೇಜಿಗೆ ಸೇರುವಾಗಲೇ ಅಂದಿದ್ದನಲ್ಲ, "ಸಾಲ ಮಾಡಿ ಬೆಡ್‌ಪ್ಯಾನ್ ತೊಳೆಯೋದು ಕಲೀಬೇಕಾ?" ಎಂದು. ನೀನು ಬಿಟ್ಟೆಯಾ? "ನಿನ್ನ ಟ್ರಕ್ಕಿನ ಸಾಲ ಅವಳದಕ್ಕಿಂತ ಜಾಸ್ತಿ ಇದೆ ಹೋಬರ್ಟ್, ಅದಕ್ಕೆ ಒಂದಕ್ಷರ ಓದೋಕೆ ಬರಲ್ಲ" ಎಂದು ಅವನ ಬಾಯಿ ಮುಚ್ಚಿಸಿದೆ. ಆಮೇಲೆ ನಾವಿಬ್ಬರೂ ಕಾಲೇಜಿನ ಪ್ರುಯಿಟ್ ಮೇಡಂ ಮುಂದೆ ಕೂತೆವು. ಅವರು ಹಾಳೆಯ ಒಂದು ಕಡೆ ಸಾಲ ಬರೆದರು, ಹದಿನೇಳು ಸಾವಿರ. ಇನ್ನೊಂದು ಕಡೆ ನರ್ಸಿನ ಮೊದಲ ವರ್ಷದ ಸಂಬಳ, ಐವತ್ತೆಂಟು ಸಾವಿರ. "ನಾಲ್ಕು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದೋರೂ ಇದೇ ಪರೀಕ್ಷೆ ಬರೀತಾರೆ, ಸಂಬಳದಲ್ಲಿ ಅಂಥಾ ವ್ಯತ್ಯಾಸ ಇಲ್ಲ, ಸಾಲ ಮಾತ್ರ ಅವರಿಗೆ ಮೂರು ಪಟ್ಟು" ಎಂದರು. ನೀನು ಕನ್ನಡಕ ಏರಿಸಿ ನೋಡಿ, "ಇದು ಕುರುಡರಿಗೂ ಕಾಣೋ ಲೆಕ್ಕ" ಎಂದೆ. ಆ ಲೆಕ್ಕ ಸುಳ್ಳಲ್ಲ ಅಜ್ಜಿ, ಮೇಡಂ ಮೋಸ ಮಾಡಲಿಲ್ಲ. ಆದರೆ ಅದು ಪಾಸಾದವರ ಸಂಬಳ. ಫೇಲಾದವರ ಸಂಬಳ ಎಷ್ಟು ಎಂದು ನಾವು ಕೇಳಲಿಲ್ಲ. ಸಾಲ ಇಬ್ಬರಿಗೂ ಒಂದೇ, ನವೆಂಬರಿನಿಂದ ಕಂತು ಶುರು.

ಆಸ್ಪತ್ರೆಯವರು ನನಗಾಗಿ ಇಟ್ಟಿದ್ದ ಕೆಲಸ ಬೇರೆಯವರಿಗೆ ಹೋಯಿತು. ಆದರೂ ಕರುಣೆಯಿಂದ ಅದೇ ವಾರ್ಡಿನಲ್ಲಿ ಆಯಾ ಕೆಲಸ ಕೊಟ್ಟಿದ್ದಾರೆ, ಅರ್ಧ ಸಂಬಳಕ್ಕೆ. ಇಷ್ಟು ದುಡ್ಡು ಪಿಜ್ಜಾ ಅಂಗಡಿಯಲ್ಲೂ ಸಿಗುತ್ತಿತ್ತು, ಸಾಲವಿಲ್ಲದೆ. ಕೆಲಸದ ಬಗ್ಗೆ ನನಗೆ ಕೀಳರಿಮೆಯಿಲ್ಲ. ನಾಚಿಕೆಯಾಗುವುದು ಡೆಲ್ಲಾಳನ್ನು ನೋಡಿದಾಗ. ಅವಳ ಎದೆಯ ಮೇಲೆ ನರ್ಸ್ ಎಂಬ ಬಿಲ್ಲೆ ಬಂದಿದೆ. ಪಾಪ, ನನಗೆ ಕೆಲಸ ಹೇಳಲು ಅವಳೇ ಸಂಕೋಚದಿಂದ ಸಾಯುತ್ತಾಳೆ. "ಟ್ರೆಸ್ಸಾ, ನಿಂಗೆ ಬಿಡುವಿದ್ರೆ, ಏಳನೇ ರೂಮಿನ ಅಜ್ಜನ ಹಾಸಿಗೆ ಬದಲಾಯಿಸ್ತೀಯಾ? ಇಲ್ದಿದ್ರೆ ನಾನೇ ಮಾಡ್ತೀನಿ ಬಿಡು." ಅವಳು ಜೋರು ಮಾಡಿದ್ದರೆ ಚೆನ್ನಾಗಿತ್ತು. ನಾನು ಬಟ್ಟೆ ಇಡುವ ಕೋಣೆಗೆ ಹೋಗಿ ದುಪ್ಪಟಿಗಳಲ್ಲಿ ಮುಖ ಇಟ್ಟು ಅತ್ತೆ. ಆಮೇಲೆ ಅದೇ ದುಪ್ಪಟಿ ತೆಗೆದುಕೊಂಡು ಹೋಗಿ ಹಾಸಿದೆ.

ಈಗ ಮುಖ್ಯ ವಿಷಯ. ಶುಕ್ರವಾರ ಶಾಲೆಗೆ ಹೋಗಿ, ರಜೆ ಮುಗಿದ ಮೇಲೆ ಅಡುಗೆಮನೆ ಕೆಲಸಕ್ಕೆ ಬರುವುದಿಲ್ಲ ಎಂದು ಬರೆದುಕೊಟ್ಟು ಬರುತ್ತೇನೆ ಎಂದಿದ್ದೆಯಲ್ಲ, ಹೋಗಬೇಡ. ನನ್ನ ಸಂಬಳ ನಂಬಿ ನೀನು ಕೆಲಸ ಬಿಡುವ ಹಾಗಿಲ್ಲ. ನಿನಗಿನ್ನೂ ಅರವತ್ತಮೂರು, ಅರವತ್ತೈದಕ್ಕೆ ಸಿಗುವ ಸರ್ಕಾರದ ಆರೋಗ್ಯ ವಿಮೆ ಬರಲು ಎರಡು ವರ್ಷ ಇದೆ. ಶಾಲೆ ಬಿಟ್ಟರೆ ಶಾಲೆಯ ವಿಮೆಯೂ ಹೋಗುತ್ತದೆ. ನಿನ್ನನ್ನು ಇನ್ನೂ ಆ ದೊಡ್ಡ ಪಾತ್ರೆಗಳ ಮುಂದೆ ನಿಲ್ಲಿಸುತ್ತಿದ್ದೇನಲ್ಲ ಎಂದು ಸಂಕಟವಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಆರು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ ಬರೆಯಬಹುದು. ದುಡ್ಡಂತೂ ಆಗಲೇ ಕಟ್ಟಿಯಾಗಿದೆ! ಡೆಲ್ಲಾ ದಿನಾ ಪಾಠ ಹೇಳಿಕೊಡುತ್ತೇನೆ ಎಂದಿದ್ದಾಳೆ. ಊಟಕ್ಕೆ ಮುಂಚೆ ನೀನು ಮಾಡುವ ಪ್ರಾರ್ಥನೆಯಲ್ಲಿ ನನ್ನ ಹೆಸರನ್ನು ಇನ್ನೂ ಇಟ್ಟುಕೊಂಡಿರು, ನರ್ಸ್ ಎಂಬುದನ್ನು ಬಿಟ್ಟು. ದೇವರು ನಿನ್ನನ್ನು ನನಗಾಗಿ ಗಟ್ಟಿಯಾಗಿ ಇಟ್ಟಿರಲಿ.

ನೀನೇ ಸಾಕಿ ಬೆಳೆಸಿದ,
ಟ್ರೆಸ್ಸಾ

ತಾ.ಕ.: ಮೇಲಿನದನ್ನೆಲ್ಲ ಓದದಿದ್ದರೂ ಇದನ್ನು ಓದು. ಪಿನ್ನು ಚುಚ್ಚಿದ ಆ ಸಂಜೆ ನೀನು ನನ್ನನ್ನು ಬಚ್ಚಲಿಗೆ ಕರೆದು, ಬಾಗಿಲು ಹಾಕಿ, ರವಿಕೆಯ ಗುಂಡಿ ಬಿಚ್ಚಿ, ಎಡ ಎದೆಯ ಆ ಗಂಟಿನ ಮೇಲೆ ನನ್ನ ಕೈ ಇಟ್ಟುಕೊಂಡೆ. "ಡಾಕ್ಟರಿಗೆ ಯಾಕೆ ದುಡ್ಡು ಸುರೀಬೇಕು, ಮನೇಲೇ ನರ್ಸ್ ಇದ್ದಾಳಲ್ಲ. ಹೇಳು, ಏನಿದು?" ಎಂದೆ. ನಾನು ಒತ್ತಿ ನೋಡಿ, "ಏನಿಲ್ಲ ಅಜ್ಜಿ, ಬರೀ ಕೊಬ್ಬಿನ ಗಂಟು" ಎಂದೆ. ನಿನಗೆ ಎಷ್ಟು ಸಮಾಧಾನವಾಯಿತೆಂದರೆ ಹೊರಗೆ ಬಂದು ಎರಡು ತುಂಡು ಕೇಕ್ ತಿಂದೆ. ಅದು ಏನೆಂದು ನನಗೆ ಗೊತ್ತಿಲ್ಲ ಅಜ್ಜಿ. ಅವತ್ತೂ ಗೊತ್ತಿರಲಿಲ್ಲ. ಪಿನ್ನು ಹಾಕಿಕೊಂಡು ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. ಗುರುವಾರ ಬೆಳಿಗ್ಗೆಗೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ದಾರಿಯುದ್ದಕ್ಕೂ ಬೈಯಿ, ಬೇಕಾದರೆ ಮುಖ ನೋಡಬೇಡ. ಕಾರು ಮಾತ್ರ ಹತ್ತು.