ಕಂಪ್ಯೂಟರ್ ಕೇಳಿದ ಮನೆ

ತೀರ್ಥರೂಪ ಸಮಾನರಾದ ಮಲ್ಲು ಕಾಕಾ ಅವರ ಪಾದಾರವಿಂದಗಳಿಗೆ,

ತಮ್ಮ ಅಣ್ಣನ ಮಗ ವೀರುವಿನ ಶಿರಸಾಷ್ಟಾಂಗ ನಮಸ್ಕಾರಗಳು. ಈ ಕಡೆ ಸೋಲಾಪುರದಲ್ಲೂ ಅಕ್ಕಲಕೋಟೆಯಲ್ಲೂ ಎಲ್ಲರೂ ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ದಯಮಾಡಿ ಉತ್ತರ ಬರೆಯಬೇಡಿ. ಬರೆದರೆ ನಮ್ಮ ಕ್ಷೇಮ ಕೆಡುತ್ತದೆ. ಇಷ್ಟು ಮರ್ಯಾದೆ ಸಾಕಲ್ಲವೇ? ಇನ್ನು ಮುಂದೆ ‘ನೀನು’ ಅನ್ನುತ್ತೇನೆ, ನೀನಿದ್ದಾಗ ಅನ್ನುತ್ತಿದ್ದಂತೆ.

ಅಕ್ಕಲಕೋಟೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ನೀನು ಕೂರುತ್ತಿದ್ದದ್ದು ನೆನಪಾಗುತ್ತದೆ. ಚಿತ್ರ ಕೊಟ್ಟರೆ ಅದನ್ನು ಮಗ್ಗಕ್ಕೆ ತಿಳಿಯುವ ಚುಕ್ಕೆಗಳಾಗಿ ಬಿಡಿಸಿಕೊಡುವ ಪ್ರೋಗ್ರಾಂ ಬರೆದೆ. ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಿಕೊಳ್ಳಲಿ ಎಂದು ಇಂಟರ್‌ನೆಟ್ಟಿಗೆ ಪುಕ್ಕಟೆ ಬಿಟ್ಟೆ. ಎಲ್ಲೆಲ್ಲಿಂದಲೋ ಜನ, “ನಮ್ಮ ಕಂಪ್ಯೂಟರಿನಲ್ಲಿ ಇದು ಬಿಲ್ಡ್ ಆಗುತ್ತಿಲ್ಲ, ನೀವು ಬರೆದದ್ದರಿಂದ ಪ್ರೋಗ್ರಾಂ ಕಟ್ಟಿಕೊಳ್ಳಲು ಬರುತ್ತಿಲ್ಲ” ಎಂದು ದೂರಿದರೆ ನಿನ್ನದು ಒಂದೇ ಮಾತು: “ನನ್ನ ಕಡೆ ಬರೋಬರ ನಡೀತೈತಲ್ಲೋ!” ನಡೆಯುತ್ತಿತ್ತು, ಹೌದು. ನಿನ್ನ ಕಡೆ ಮಾತ್ರ. ಈಗ ನಿನ್ನ ಕಡೆ ಅನ್ನುವುದೇ...

ನಿನ್ನ ಉತ್ತರಕ್ರಿಯೆ ಮುಗಿಸಿ ಸೋಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ನಮ್ಮ ಟವೆಲ್ ನೇಯುವ ಶೆಡ್ಡಿಗೆ ಮರಳಿದ ದಿನ ಅಪ್ಪ ತೀರ್ಪು ಕೊಟ್ಟರು. ನಿನ್ನ ಲಿನಕ್ಸ್ ಲ್ಯಾಪ್‌ಟಾಪ್ ಆಗಲೇ ತಾನಾಗಿ ಆರಿ, ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಅದನ್ನು ಎದೆಗೆ ಒತ್ತಿಕೊಂಡು ನಿನ್ನ ಹೆಂಡತಿ, ನಮ್ಮ ಗೌರಿ ಕಾಕು, ಬಾಗಿಲಲ್ಲಿ ನಿಂತಿದ್ದಳು. ನಿನ್ನ ಕೆಲಸವನ್ನು ತಾನು ಮುಂದುವರಿಸಬೇಕೆಂಬುದು ಅವಳ ಹಟ.

“ಇದು ಇವತ್ತೋ ನಾಳೆಯೋ ಹೋಗತೈತಿ,” ಅಂದರು ಅಪ್ಪ. “ಶೆಡ್ಡಿನ ಕಂಪ್ಯೂಟರಿನ್ಯಾಗ ನಡೀತಂದ್ರ ಗೌರವ್ವ ಇಲ್ಲೇ ಕುಂಡ್ರಲಿ. ಇಲ್ಲಂದ್ರ ಕಂಪನಿದ ಪ್ರೋಗ್ರಾಂ ತರಸ್ತೀನಿ, ಅದರ ಕೂಡ ಅವರ ಮನಶ್ಯಾನೇ ಬರ್ತಾನ. ಆಕಿ ವಾಗದರಿಗೆ, ತವರಮನಿಗೆ ಹೋಗಿ ಆರಾಮ ಇರಲಿ.”

“ಆರಾಮ ಯಾರಿಗೆ ಬೇಕಾಗೇತ್ರಿ ಭಾವಾರ?” ಅಂದಳು ಕಾಕು. ಇಬ್ಬರೂ ನನ್ನ ಕಡೆ ನೋಡಿದರು. ನಿನ್ನ ಶಿಷ್ಯ ಅಂತ ನಾನೊಬ್ಬನೇ ತಾನೇ ಇದ್ದದ್ದು?

ಅವತ್ತು ಶೆಡ್ಡಿಗೆ ರಜೆ. ನಿಂತ ಮಗ್ಗಗಳನ್ನು ನೀನು ಎಂದಾದರೂ ಗಮನಿಸಿ ನೋಡಿದ್ದೆಯಾ ಕಾಕಾ? ಸದ್ದು ಸತ್ತ ಮೇಲೂ ಹತ್ತಿಯ ಎಳೆಗಳು ಗಾಳಿಯಲ್ಲಿ ಹಾಗೇ ನಿಂತಿರುತ್ತವೆ, ಯಾರೋ ಈಗತಾನೇ ಎದ್ದು ಹೋದಂತೆ. ಅಂಥ ಮಧ್ಯಾಹ್ನ ಇಂಟರ್‌ನೆಟ್ಟಿನಿಂದ ನಿನ್ನ ಪ್ರೋಗ್ರಾಮನ್ನು ಶೆಡ್ಡಿನ ವಿಂಡೋಸ್ ಕಂಪ್ಯೂಟರಿಗೆ ಇಳಿಸಿಕೊಂಡು ಬಿಲ್ಡ್ ಒತ್ತಿದೆ. ತುಸು ಹೊತ್ತು ಓಡಿ ನಿಂತಿತು. ತೆರೆಯ ಮೇಲೆ ಕೆಂಪು ಅಕ್ಷರ: ‘/ಹೋಮ್/ಮಲ್ಲು’ ಸಿಗುತ್ತಿಲ್ಲ.

ಮತ್ತೆ ಒತ್ತಿದೆ. ಮಲ್ಲುವಿನ ಮನೆ ಸಿಗುತ್ತಿಲ್ಲ. ಕಂಪ್ಯೂಟರ್ ಆರಿಸಿ, ಹಚ್ಚಿ, ಒತ್ತಿದೆ. ಮಲ್ಲುವಿನ ಮನೆ ಸಿಗುತ್ತಿಲ್ಲ.

ಬೆನ್ನ ಹಿಂದೆ ನಿಂತಿದ್ದ ಅಪ್ಪ ನನ್ನ ಕಿವಿ ಹಿಡಿದರು. “ಸತ್ತವನ ಹೆಸರ್ಲೆ ಚ್ಯಾಷ್ಟಿ ಮಾಡ್ತಿಯೇನಲೇ ಭಾಡ್ಯಾ?”

“ದೇವರಾಣಿ ನಂದಲ್ರಿ ಅಪ್ಪಾ! ಅದೇ ಕೇಳಾಕತ್ತೈತಿ!”

ನಂಬಿದರೇ? ಅಕ್ಕಲಕೋಟೆಯ ಸತ್ಯನಾರಾಯಣ ಪೂಜೆಯಲ್ಲಿ ಶಂಖದೊಳಗೆ ಹಸಿಮೆಣಸಿನಕಾಯಿ ತುರುಕಿದವನ ಆಣೆಯನ್ನು ಯಾರು ನಂಬುತ್ತಾರೆ? ಕಾಕು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ತೆರೆಯ ಹತ್ತಿರ ಬಗ್ಗಿ ಆ ಸಾಲನ್ನು ಬೆರಳಿನಿಂದ ಓದಿದಳು.

ನಾನು ಮೊದಲಿಗೆ ಸೆಟೆದು ಕೂತು ಘನಗಂಭೀರ ವಿವರಣೆ ಕೊಟ್ಟೆ. ಪ್ರತಿ ಕಡತಕ್ಕೂ ಒಂದು ದಾರಿ ಇರುತ್ತದೆ. ಕಾಕಾ ಆ ದಾರಿಯನ್ನು ತನ್ನ ಲ್ಯಾಪ್‌ಟಾಪಿನ ತನ್ನ ಮನೆಯಿಂದಲೇ ಶುರು ಮಾಡಿ ಬರೆದುಬಿಟ್ಟಿದ್ದಾನೆ. ಬೇರೆ ಕಂಪ್ಯೂಟರಿನಲ್ಲಿ ಆ ಮನೆ ಎಲ್ಲಿಂದ ಬರಬೇಕು? ಎಲ್ಲ ಸರಿಯೇ. ಆದರೂ ಖಾಲಿ ಶೆಡ್ಡಿನಲ್ಲಿ ಒಂದು ಯಂತ್ರ ಪದೇಪದೇ ನಿನ್ನ ಮನೆ ಕೇಳುತ್ತಿದ್ದರೆ... ನನ್ನ ವಿವರಣೆ ನನಗೇ ಸಾಕಾಗಲಿಲ್ಲ.

ಆ ಕ್ಷಣಕ್ಕೆ ಹೊಳೆದದ್ದು ಸುಲಭದ ದಾರಿ. ಕೇಳುತ್ತಿದೆ ತಾನೇ, ಕೊಟ್ಟುಬಿಡೋಣ. ‘ಹೋಮ್’ ಎಂಬ ಫೋಲ್ಡರ್ ಮಾಡಿ, ಅದರೊಳಗೆ ‘ಮಲ್ಲು’ ಎಂಬ ಇನ್ನೊಂದು ಮಾಡಿದೆ. ಏನೂ ಇಲ್ಲದ ಬರಿ ಮನೆ. ಮತ್ತೆ ಒತ್ತಿದೆ. ಈ ಸಲ ನಿಲ್ಲಲಿಲ್ಲ. ಫ್ಯಾನು ಗುಂಯ್‌ಗುಟ್ಟಿತು. ಫೋಲ್ಡರ್ ತೆರೆದು ನೋಡುತ್ತೇನೆ: ಒಳಗೆ ಒಂದೊಂದಾಗಿ ಕೋಣೆಗಳು ಏಳುತ್ತಿವೆ! ‘ಪಡಸಾಲಿ’. ‘ಅಡಗಿಮನಿ’. ‘ಹಿತ್ತಲ’. ಚಿತ್ರಗಳು ಬಂದು ಇಳಿಯುವುದು ಪಡಸಾಲೆಗೆ, ಬೇಯುವುದು ಅಡುಗೆಮನೆಯಲ್ಲಿ, ಬೇಡವಾದ ಕಸ ಹಿತ್ತಲಿಗೆ. ಅಕ್ಕಲಕೋಟೆಯ ನಮ್ಮ ಮನೆ, ಬಾಗಿಲಿನಿಂದ ಒಳಕ್ಕೆ ಹೋದರೆ ಸಿಗುವ ಅದೇ ಕ್ರಮದಲ್ಲಿ! ಪ್ರತಿ ಕೋಣೆಯಲ್ಲೂ ಕಡತಗಳು ಹುಟ್ಟುತ್ತಿದ್ದವು, ಅಳಿಯುತ್ತಿದ್ದವು, ಯಾರೋ ದೀಪ ಹಚ್ಚುತ್ತ ಆರಿಸುತ್ತ ಓಡಾಡಿದಂತೆ.

“ಹಿತ್ತಲಕ ಹೋಗ್ಯಾರೇನ ನೋಡು,” ಅಂದಳು ಕಾಕು, ಮೆಲ್ಲಗೆ.

ಹಾಸ್ಯವೇ ಅದು? ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕೊನೆಯ ಕೋಣೆ ‘ದೇವರಮನಿ’ಯ ಹೊತ್ತಿಗೆ ಬಿಲ್ಡ್ ಮತ್ತೆ ಮುಗ್ಗರಿಸಿತು. ಟವೆಲ್ ಅಂಚಿನ ನಕ್ಷೆಗಳಿರಬೇಕಾದ ‘ಅಂಚು’ ಎಂಬ ಫೋಲ್ಡರ್ ಸಿಗುತ್ತಿಲ್ಲವಂತೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಅದು ಫೋಲ್ಡರೇ. ಇಲ್ಲಿ ಇಳಿದು ಬಂದಿದ್ದದ್ದು ಮಾತ್ರ ಅಂಗೈಯಲ್ಲಿ ಮುಚ್ಚಿಡುವಷ್ಟು ಪುಟ್ಟ ಕಡತ. ತೆರೆದೆ. ಒಳಗೆ ಒಂದೇ ಒಂದು ಸಾಲು:

/ಹೋಮ್/ಗೌರಿ/ನಕ್ಷಿ

ಸತ್ತವನ ಮನೆಯ ದೇವರ ಕೋಣೆಯಲ್ಲಿ ಒಂದೇ ಸಾಲು, ಅದೂ ಬದುಕಿರುವವಳ ವಿಳಾಸ. ಅಪ್ಪ ನನ್ನ ಕಿವಿಗೆ ಕೈ ಹಾಕಲಿಲ್ಲ.

ಆಮೇಲೆ ಅರ್ಥವಾಯಿತು. ಲಿನಕ್ಸಿನಲ್ಲಿ ಕೋಣೆಯ ಬದಲು ಬಾಗಿಲು ಇಡಬಹುದು. ನೋಡಲು ಫೋಲ್ಡರ್, ಒಳಗೆ ಕಾಲಿಟ್ಟರೆ ನಾವಿರುವುದು ಬೇರೆಯದೇ ಮನೆಯಲ್ಲಿ. ಶೆಡ್ಡಿನ ವಿಂಡೋಸಿಗೆ ಆ ಬಾಗಿಲು ತಿಳಿಯದೆ, ಅದು ಯಾವ ಕಡೆ ತೆರೆಯುತ್ತದೆ ಎಂಬುದನ್ನಷ್ಟೇ ಬರೆದಿಟ್ಟಿತ್ತು. ನಾನು ನಿನ್ನ ಮನೆಯನ್ನೆಲ್ಲ ಜಾಲಾಡುತ್ತಿದ್ದೆ. ಸಾಮಾನು ಇದ್ದದ್ದು ಪಕ್ಕದ ಮನೆಯಲ್ಲಿ!

ಲ್ಯಾಪ್‌ಟಾಪ್ ಹೊತ್ತಿಸಿದೆವು. ನಿನ್ನ ಖಾತೆಯಲ್ಲ, ಕಾಕು ಅದರಲ್ಲೇ ಇದ್ದ ತನ್ನ ಖಾತೆ ತೆರೆದಳು. ನಕ್ಷಿಯೊಳಗೆ ಸಾಲುಸಾಲು ಅಂಚುಗಳು: ಜೋಳದ ತೆನೆ, ಇರುವೆಗಳ ಸಾಲು, ಎಸ್‌ಟಿ ಬಸ್ಸಿನ ಕಿಟಕಿಗಳು. ನಿನ್ನ ಪ್ರೋಗ್ರಾಂ ಮಗ್ಗಕ್ಕೆ ಕೊಟ್ಟ ಅಂಚುಗಳೆಲ್ಲ ಅವೇ.

“ಇವು ನಾ ಬ್ಯಾಸರಕ್ಕ ತಗದ ಚಿತ್ರ,” ಅಂದಳು. “ಅವರು ಯಾವಾಗ ತೊಗೊಂಡ್ರೋ?”

“ತೊಗೊಂಡಿಲ್ಲ ಕಾಕು. ಒಂದು ಕಾಪಿ ಸೈತ ಮಾಡ್ಕೊಂಡಿಲ್ಲ. ಅಂಚು ಬೇಕಾದಾಗೆಲ್ಲ ನಿನ್ನ ಮನಿಗೇ ಬಂದು ನೋಡಿ ಹೋಗ್ಯಾನ.”

ಅವಳು ಸೆರಗಿನಿಂದ ಕೀಲಿಮಣೆ ಒರೆಸತೊಡಗಿದಳು. ಒರೆಸಲು ಅದರ ಮೇಲೆ ಅಂಥದ್ದೇನೂ ಇರಲಿಲ್ಲ.

ಅಪ್ಪ ಇರುವೆಗಳ ಸಾಲಿನ ಮೇಲೆ ಬೆರಳಿಟ್ಟರು. “ಗೌರವ್ವಾ, ಕಂಪನಿ ಮನಶ್ಯಾ ಬಂದ್ರ ಇಂಥಾ ಚಿತ್ರ ತಗೀತಾನೇನು?”

“ಹ್ಯಾಂಗ ತಗೀತಾನ್ರಿ ಭಾವಾರ?”

“ಹಂಗಾರ ಆತು ಬಿಡು. ಏ ವೀರೂ, ಆ ಛಲೋ ಕುರ್ಚಿ ಈ ಕಡೆ ತಾ.”

ಅಕ್ಕಲಕೋಟೆಗೆ ಮರಳುವ ಮೊದಲು ಕೊನೆಯ ಕೆಲಸ ಉಳಿದಿತ್ತು. ಖಾಲಿ ಮನೆ ಕಟ್ಟಿ ಯಂತ್ರಕ್ಕೆ ಮಂಕುಬೂದಿ ಎರಚಿದ್ದು ನನ್ನ ಜಾಯಮಾನದ ಉಪಾಯ, ಅದು ರಿಪೇರಿಯಲ್ಲ. ಪ್ರೋಗ್ರಾಂ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ದಾರಿ ಹಿಡಿಯಬೇಕು, ನಕ್ಷೆಗಳು ಅದರ ಜೊತೆಯಲ್ಲೇ ಇರಬೇಕು. ಹಾಗೆ ಮಾಡಬೇಕಾದರೆ ನಿನ್ನ ಮನೆಯ ಹೆಸರನ್ನು ಎಲ್ಲ ಕಡೆಯಿಂದಲೂ ಅಳಿಸಬೇಕು. ಬೆರಳು ಮುಂದೆ ಹೋಗಲಿಲ್ಲ ಕಾಕಾ. ಕಾಕುವನ್ನು ಕೇಳಿದೆ.

“ತಗಿ,” ಅಂದಳು. “ಮಂದಿ ಕಂಪ್ಯೂಟರಿನ್ಯಾಗ ನಮ್ಮ ಮನಿ ಯಾಕ ಹುಡಕಬೇಕು? ನಿಮ್ಮ ಕಾಕಾಗೂ ತಿರುಗಿ ತಿರುಗಿ ಸಾಕಾಗಿರತೈತಿ.”

ತೆಗೆದೆ. ನಾನು ಕಟ್ಟಿದ ಮನೆಯನ್ನೂ ಕೆಡವಿದೆ. ಬಿಲ್ಡ್ ಒಮ್ಮೆಯೂ ನಿಲ್ಲದೆ ಮುಗಿಯಿತು. ಮುಗಿದ ಮೇಲೂ ಕಾಕು ತೆರೆಯನ್ನೇ ನೋಡುತ್ತ ಕೂತಿದ್ದಳು.

“ಏನಾತ ಕಾಕು?”

“ಏನಿಲ್ಲೋ. ಈ ಸಲ ಯಾರೂ ಅವರನ್ನ ಕೇಳಲಿಲ್ಲ, ಅದಕ್ಕ.”

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ತಿದ್ದಿದ ಪ್ರೋಗ್ರಾಮನ್ನು ಮತ್ತೆ ಇಂಟರ್‌ನೆಟ್ಟಿಗೆ ಬಿಟ್ಟೆವು. ಹಿಂದೆ ನಿನ್ನೊಡನೆ ಜಗಳಕ್ಕೆ ನಿಂತಿದ್ದ ಒಬ್ಬ ನೇಕಾರ, ಯಾವ ಊರಿನವನೋ, ಮೊನ್ನೆ ಬರೆದಿದ್ದಾನೆ: ಮೊದಲ ಸಲಕ್ಕೇ ಬಿಲ್ಡ್ ಆಯಿತು, ಈ ಅಂಚುಗಳ ಚಿತ್ರ ಬರೆದವರು ಯಾರು? ನಾನು ಘನಗಂಭೀರವಾದೊಂದು ಉತ್ತರ ಹೊಸೆಯುತ್ತಿದ್ದೆ. ಕಾಕು ನನ್ನನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಅಕ್ಷರ ಒತ್ತುತ್ತ, ತಾನೇ ಬರೆದಳು:

“ನಾನು. ಇನ್ನೂ ಅದಾವ.”

ನಿನ್ನ,
ವೀರು